ಡೋಣಿಯ ಸೀಮೆಯಲ್ಲಿ ದೋಣಿಯ ಎಂಜಿನ್

ಮಹಾರಾಷ್ಟ್ರದ ಜತ್ ತಾಲ್ಲೂಕಿನಲ್ಲಿ ಹುಟ್ಟಿ, ತಿಕೋಟಾ, ಬಬಲೇಶ್ವರಗಳ ಎರೆಭೂಮಿಯನ್ನು ಹಾದು, ತಾಳಿಕೋಟೆಯ ಮಗ್ಗುಲಿನಲ್ಲಿ ಸಾಗಿ ಕೃಷ್ಣೆಯನ್ನು ಸೇರುವ ನದಿಗೆ ಡೋಣಿ ಎಂದು ಹೆಸರು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆಯನ್ನು ವಿಜಯಪುರ ಸೀಮೆಯ ಹಿರಿಯರು ಇಂದಿಗೂ ಆಡುತ್ತಾರೆ. ಆ ನದಿ ತಂದು ಹಾಸಿದ ಕಪ್ಪು ಮಣ್ಣಿನಲ್ಲಿ ಬೆಳೆಯುವ ಬಿಳಿಜೋಳದ ರುಚಿ ನಾಡಿಗೆಲ್ಲ ತಿಳಿದದ್ದೇ. ಆದರೆ ಹೆಸರಿಗೆ ಡೋಣಿಯಾದರೂ ಅಲ್ಲಿ ದೋಣಿಗೆ ಕೆಲಸ ಕಡಿಮೆ. ವರ್ಷದ ಬಹುಪಾಲು ಆ ಹೊಳೆಯಲ್ಲಿ ಕಾಣುವುದು ಹೂಳು, ಜಾಲಿ ಮತ್ತು ಅಲ್ಲಲ್ಲಿ ನಿಂತ ಸವಳು ನೀರು.

ಆದರೂ ಜಿಲ್ಲೆಯ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಈ ಡೋಣಿ. ಮೂರೂ ಮೈದುಂಬಿ ಬಂದಾಗ ಬರಗಾಲದ ಸೀಮೆಯೆಂದು ಹೆಸರಾದ ನಾಡಿನಲ್ಲಿಯೂ ಜನ ಮನೆಯ ಮಾಳಿಗೆ ಏರಿ ಸಹಾಯಕ್ಕಾಗಿ ಕೈ ಬೀಸಬೇಕಾಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಉತ್ತರ ಕರ್ನಾಟಕ ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಳು. 2020ರ ಅಕ್ಟೋಬರ್‌ನಲ್ಲಿ ಭೀಮೆ. ಇಂತಹ ದಿನಗಳಲ್ಲಿ ಅಗ್ನಿಶಾಮಕ ದಳದವರೂ ವಿಪತ್ತು ನಿರ್ವಹಣಾ ಪಡೆಯವರೂ ಹೊತ್ತು ತರುವ ರಬ್ಬರ್ ದೋಣಿಯ ಹಿಂಬದಿಗೆ ಒಂದು ಸಣ್ಣ ಎಂಜಿನ್ ಸಿಕ್ಕಿಸಿರುತ್ತದೆ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಮಲಗಿದ್ದ ಆ ಎಂಜಿನ್ ಆ ಒಂದು ಬೆಳಗಿನಲ್ಲಿ, ಮಳೆಯ ತಂಪಿನಲ್ಲಿ, ಹಗ್ಗ ಎಳೆದೊಡನೆ ಹೊತ್ತಿಕೊಳ್ಳಬೇಕು. ಹೊತ್ತಿಕೊಳ್ಳದಿದ್ದರೆ ಮಾಳಿಗೆಯ ಮೇಲಿನವರು ಕಾಯಬೇಕು.

ವಿಶ್ರಾಂತಿಯಲ್ಲಿದ್ದ ಯಂತ್ರ ದುಡಿಯುತ್ತಿರುವ ಯಂತ್ರಕ್ಕಿಂತ ಹೆಚ್ಚು ಮೊಂಡುತನ ತೋರುವುದೇಕೆ? ಈ ಪ್ರಶ್ನೆಗೆ ಉತ್ತರ ಒಂದು ದೀರ್ಘ ಇತಿಹಾಸದಲ್ಲಿದೆ. ಆ ಇತಿಹಾಸದ ಆರಂಭದ ಪುಟಗಳಲ್ಲಿ ಕಥೋಲಿಕ ಗುರುವೊಬ್ಬರ ಹೆಸರೂ ಇದೆ ಎಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸ ವಿಷಯವಾಗಬಹುದು.

ತರಗತಿಯಲ್ಲಿ ಹುಟ್ಟಿದ ಯೋಚನೆ

1776ರ ನವೆಂಬರ್‌ನಲ್ಲಿ ಇಟಲಿಯ ವಿಜ್ಞಾನಿ ಅಲೆಸ್ಸಾಂದ್ರೊ ವೋಲ್ಟಾ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕಲಕಿ, ಮೇಲೆದ್ದು ಬಂದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದನು. ಬೆಂಕಿ ತಾಕಿದರೆ ಉರಿಯುವ ಆ ಅನಿಲವನ್ನು ನಾವೀಗ ಮೀಥೇನ್ ಎನ್ನುತ್ತೇವೆ. ಮರುವರ್ಷ ಅವನು ಒಂದು ವಿಚಿತ್ರ ಪಿಸ್ತೂಲನ್ನು ರಚಿಸಿದನು. ಅದರೊಳಗೆ ಮದ್ದಿಲ್ಲ, ಉರಿಯುವ ಅನಿಲ ಮತ್ತು ಗಾಳಿಯ ಮಿಶ್ರಣವಷ್ಟೇ. ವಿದ್ಯುತ್ ಕಿಡಿಯೊಂದು ಹಾರಿದರೆ ಮಿಶ್ರಣ ಸಿಡಿದು ಬಾಯಿಯ ಬಿರಡೆಯನ್ನು ದೂರಕ್ಕೆ ಎಸೆಯುತ್ತಿತ್ತು. ಮುಂದೆ ಅದು ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುವ ಪ್ರಯೋಗವಾಯಿತು.

ಬಡಮಕ್ಕಳ ಶಿಕ್ಷಣಕ್ಕಾಗಿ ಸಂತ ಜೋಸೆಫ್ ಕಲಸಾಂಜ್‌ರು ಸ್ಥಾಪಿಸಿದ ಪಿಯಾರಿಸ್ತ್ ಧಾರ್ಮಿಕ ಸಭೆಗೆ ಸೇರಿದ ಎವುಜೇನಿಯೊ ಬಾರ್ಸಾಂತಿ 1821ರಲ್ಲಿ ಇಟಲಿಯ ಪಿಯೆತ್ರಸಾಂತದಲ್ಲಿ ಜನಿಸಿದವರು. ಇಪ್ಪತ್ತರ ಹರೆಯದಲ್ಲಿ ವೋಲ್ತೆರಾ ಪಟ್ಟಣದ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಅವರು ವೋಲ್ಟಾನ ಪಿಸ್ತೂಲಿನ ಪ್ರಯೋಗವನ್ನು ವಿದ್ಯಾರ್ಥಿಗಳ ಮುಂದೆ ಮಾಡಿ ತೋರಿಸಿದರು. ಬಿರಡೆಯನ್ನು ಎಸೆಯುವ ಈ ಶಕ್ತಿ ಒಂದು ಪಿಸ್ಟನ್ನನ್ನು ಏಕೆ ಎತ್ತಬಾರದು ಎಂಬ ಯೋಚನೆ ಅವರನ್ನು ಬಿಡಲಿಲ್ಲ. ಮುಂದೆ ಫ್ಲಾರೆನ್ಸ್ ನಗರದಲ್ಲಿ ಫೆಲಿಚೆ ಮತ್ತೇಉಚ್ಚಿ ಎಂಬ ಎಂಜಿನಿಯರರ ಜೊತೆಗೂಡಿ ಎಂಜಿನ್ ಒಂದನ್ನು ರೂಪಿಸಿ, 1853ರ ಜೂನ್ 5ರಂದು ಅದರ ವಿವರವನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿ ಅಲ್ಲಿನ ಜಾರ್ಜೊಫಿಲಿ ಅಕಾಡೆಮಿಗೆ ಒಪ್ಪಿಸಿದರು. 1854ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ದೊರೆಯಿತು. ಎಂಜಿನ್ ತಯಾರಿಕೆಯ ವ್ಯವಸ್ಥೆಗಾಗಿ ಬೆಲ್ಜಿಯಂ ದೇಶಕ್ಕೆ ಹೋಗಿದ್ದ ಬಾರ್ಸಾಂತಿಯವರು ಅಲ್ಲಿಯೇ ವಿಷಮಶೀತ ಜ್ವರಕ್ಕೆ ತುತ್ತಾಗಿ 1864ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು ಕೇವಲ 42. ಕೀರ್ತಿಯೂ ಲಾಭವೂ ಬೇರೆಯವರ ಪಾಲಾದವು. ಅವರ ಅಸ್ಥಿಗಳು ಈಗ ಫ್ಲಾರೆನ್ಸ್‌ನ ಸಾಂತ ಕ್ರೋಚೆ ದೇವಾಲಯದಲ್ಲಿವೆ.

ಇಲ್ಲಿ ಒಂದು ಅಂಶವನ್ನು ಗಮನಿಸಿರಿ. ವೋಲ್ಟಾನ ಪಿಸ್ತೂಲಿಗೂ ಬಾರ್ಸಾಂತಿಯವರ ಎಂಜಿನ್ನಿಗೂ ಇಂಧನವಾಗಿ ಒದಗಿದ್ದು ಅನಿಲ. ಅನಿಲ ಗಾಳಿಯೊಂದಿಗೆ ಕ್ಷಣಾರ್ಧದಲ್ಲಿ ಬೆರೆಯುತ್ತದೆ. ಕಿಡಿ ಸಿಕ್ಕರೆ ಸಾಕು. ಆದರೆ ಹರಿಯುವ ದೋಣಿಗೆ ಅನಿಲದ ಕೊಳವೆಯನ್ನು ಜೋಡಿಸುವುದು ಸಾಧ್ಯವಿಲ್ಲ. ಡಬ್ಬಿಯಲ್ಲಿ ಒಯ್ಯಬಹುದಾದ ದ್ರವ ಇಂಧನ ಬೇಕು. ದ್ರವ ಬಂದೊಡನೆ ತಣ್ಣನೆಯ ಎಂಜಿನ್ನಿನ ತೊಡಕೂ ಜೊತೆಯಲ್ಲಿಯೇ ಬಂದಿತು.

ದ್ರವವನ್ನು ಆವಿಯಾಗಿಸಿದವರು

ಪೆಟ್ರೋಲ್ ಎಂಬ ದ್ರವ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಅದೂ ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಮಾತ್ರ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಹದಿನಾಲ್ಕೂವರೆ ಪಾಲಿಗಿಂತ ತುಸು ಹೆಚ್ಚು ಗಾಳಿ ಬೇಕು. ಈ ಮಿಶ್ರಣವನ್ನು ಅಣಿಗೊಳಿಸುವ ಪಾತ್ರೆಯೇ ಕಾರ್ಬುರೇಟರ್.

ನಿಕೊಲಾಸ್ ಆಟೊ 1876ರಲ್ಲಿ ನಾಲ್ಕು ಹೊಡೆತಗಳ ಎಂಜಿನ್ನನ್ನು ಸಿದ್ಧಪಡಿಸಿದನು. ಹತ್ತು ವರ್ಷಗಳ ಬಳಿಕ, 1886ರಲ್ಲಿ, ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ತಮ್ಮ ಪುಟ್ಟ ಎಂಜಿನ್ನನ್ನು ದೋಣಿಯೊಂದಕ್ಕೆ ಜೋಡಿಸಿ ನೆಕರ್ ನದಿಯಲ್ಲಿ ಓಡಿಸಿದರು. ಪೆಟ್ರೋಲ್ ಸಿಡಿಯುವುದೆಂಬ ಜನರ ಭಯವನ್ನು ಕಡಿಮೆ ಮಾಡಲು ಡೈಮ್ಲರ್ ದೋಣಿಯ ಸುತ್ತ ತಂತಿ ಮತ್ತು ಪಿಂಗಾಣಿ ಗುಬುಟುಗಳನ್ನು ಕಟ್ಟಿ ಅದು ವಿದ್ಯುತ್ ದೋಣಿಯೆಂಬ ಭ್ರಮೆ ಹುಟ್ಟಿಸಿದನೆಂದು ಹೇಳುವುದುಂಟು. ಆ ಕಾಲದ ಕಾರ್ಬುರೇಟರ್ ಸರಳವಾಗಿತ್ತು. ಪಾತ್ರೆಯಲ್ಲಿರುವ ಪೆಟ್ರೋಲಿನ ಮೇಲೆ ಗಾಳಿ ಹಾಯ್ದುಹೋಗುತ್ತಿತ್ತು. ಹಾಯುವಾಗ ಆವಿಯನ್ನು ಹೊತ್ತೊಯ್ಯುತ್ತಿತ್ತು. ಚಳಿಯ ದಿನ ಆವಿ ಏಳದು. ಬಿಸಿಲಿನ ದಿನ ಅತಿಯಾಗುವುದು.

1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಎಂಬ ಗೃಹಿಣಿ ಪತಿ ಕಾರ್ಲ್ ಬೆಂಜ್‌ಗೆ ಹೇಳದೆ ಇಬ್ಬರು ಮಕ್ಕಳೊಡನೆ ಅವನ ಮೋಟಾರು ಗಾಡಿಯನ್ನು ಹೊರಡಿಸಿ, ಮ್ಯಾನ್‌ಹೈಮ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದ ತವರಿಗೆ ಹೋದಳು. ದಾರಿಯಲ್ಲಿ ಔಷಧಿ ಅಂಗಡಿಯೊಂದರಲ್ಲಿ ಇಂಧನವನ್ನು ಕೊಂಡಳು. ಇಂಧನದ ನಳಿಕೆ ಕಟ್ಟಿಕೊಂಡಾಗ ತಲೆಯ ಟೋಪಿಗೆ ಚುಚ್ಚಿದ್ದ ಪಿನ್ನನ್ನು ತೆಗೆದು ಶುಚಿ ಮಾಡಿದಳು. ಇಂದಿಗೂ ಎಂಜಿನ್ ಮೊಂಡು ಹಿಡಿದಾಗ ನಾವು ಮಾಡುವ ದುರಸ್ತಿಗಳಲ್ಲಿ ಅರ್ಧದಷ್ಟು ಆ ಪಿನ್ನಿನ ಕೆಲಸವೇ ಆಗಿದೆ.

1893ರ ಸುಮಾರಿಗೆ ಜರ್ಮನಿಯಲ್ಲಿ ಮೇಬಾಕ್, ಹಂಗೇರಿಯಲ್ಲಿ ಬಾಂಕಿ ಮತ್ತು ಚೊಂಕಾ, ಹೊಸ ಬಗೆಯ ಕಾರ್ಬುರೇಟರನ್ನು ರೂಪಿಸಿದರು. ಸಣ್ಣ ಬಟ್ಟಲೊಂದರಲ್ಲಿ ಇಂಧನ ಸದಾ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಎಂಜಿನ್ ಗಾಳಿಯನ್ನು ಒಳಗೆಳೆದುಕೊಂಡಾಗ ಕೂದಲಿನಂತಹ ಸೂಕ್ಷ್ಮ ರಂಧ್ರದಿಂದ ಇಂಧನ ತುಂತುರಾಗಿ ಹಾರಿ ಗಾಳಿಯಲ್ಲಿ ಬೆರೆಯುತ್ತದೆ. ಈ ರಂಧ್ರವನ್ನು ಜೆಟ್ ಎನ್ನುತ್ತಾರೆ. ನೂರಾರು ತಿದ್ದುಪಡಿಗಳಾದರೂ ಕಾರ್ಬುರೇಟರಿನ ತತ್ತ್ವ ಅಂದಿನಿಂದ ಬದಲಾಗಿಲ್ಲ. 1902ರಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆಯಿಂದ ಹೊರಬಂದ ಅಧಿಕ ಒತ್ತಡದ ಮ್ಯಾಗ್ನೆಟೊ, ಬ್ಯಾಟರಿಯ ಹಂಗಿಲ್ಲದೆ ಚಕ್ರದ ತಿರುಗುವಿಕೆಯಿಂದಲೇ ಬಲವಾದ ಕಿಡಿಯನ್ನು ಕೊಟ್ಟಿತು. ಇವೆರಡೂ ಕೂಡಿದಾಗ ದೋಣಿಯ ಅಂಚಿಗೆ ಸಿಕ್ಕಿಸಬಹುದಾದ ಹಗುರ ಎಂಜಿನ್ ಕಾರ್ಯಸಾಧ್ಯವಾಯಿತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಓಲೆ ಎವಿನ್‌ರೂಡ್ 1909ರಲ್ಲಿ ಅಂತಹ ಎಂಜಿನ್ನನ್ನು ಮಾರಾಟಕ್ಕೆ ತಂದನು. ಅದಕ್ಕೂ ಮುಂಚೆ ಬೇರೆಯವರು ಪ್ರಯತ್ನಿಸಿದ್ದರಾದರೂ ಜನಸಾಮಾನ್ಯರ ಕೈಗೆ ಅದನ್ನು ತಲುಪಿಸಿದ ಶ್ರೇಯಸ್ಸು ಅವನದೇ.

ಕರಾವಳಿಯಿಂದ ಎರೆನಾಡಿಗೆ

ನಮ್ಮ ರಾಜ್ಯದ ಕರಾವಳಿಯಲ್ಲಿ ಈ ಎಂಜಿನ್ 1980ರ ದಶಕದಲ್ಲಿ ನಾಡದೋಣಿಗಳ ಬೆನ್ನೇರಿತು. ಹುಟ್ಟು ಹಾಕಿ, ಹಾಯಿ ಬಿಚ್ಚಿ ಬದುಕುತ್ತಿದ್ದ ಮೊಗವೀರರೂ ಖಾರ್ವಿಗಳೂ, ಅವರೊಡನೆ ನಮ್ಮ ಕ್ರೈಸ್ತ ಮೀನುಗಾರ ಕುಟುಂಬಗಳೂ, ಹಗ್ಗ ಎಳೆದು ಎಂಜಿನ್ ಹೊರಡಿಸುವ ವಿದ್ಯೆಯನ್ನು ಕಲಿತರು. ಪೆಟ್ರೋಲ್ ದುಬಾರಿಯಾದ್ದರಿಂದ ಸರ್ಕಾರ ರಿಯಾಯಿತಿಯಲ್ಲಿ ಕೊಡುತ್ತಿದ್ದ ಸೀಮೆಎಣ್ಣೆಯೇ ಅವರ ಮುಖ್ಯ ಇಂಧನವಾಯಿತು. ಎಂಜಿನ್ನನ್ನು ಮೊದಲು ಪೆಟ್ರೋಲಿನಲ್ಲಿ ಹೊರಡಿಸಿ, ಅದು ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ವಾಡಿಕೆ.

ಈ ವಾಡಿಕೆಯ ಹಿಂದೆ ತಣ್ಣನೆಯ ಎಂಜಿನ್ನಿನ ಗುಟ್ಟೆಲ್ಲ ಅಡಗಿದೆ. ಸೀಮೆಎಣ್ಣೆ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡಬೇಕಾದರೆ ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್ ಶಾಖವಾದರೂ ಬೇಕು. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದ್ದರೂ ಆವಿ ಬಿಡುತ್ತದೆ. ಆದರೆ ಪೆಟ್ರೋಲ್ ಒಂದೇ ವಸ್ತುವಲ್ಲ, ಹಲವು ದ್ರವಗಳ ಮಿಶ್ರಣ. ಅದರ ಹಗುರ ಅಂಶಗಳು ಬೇಗನೆ ಆವಿಯಾಗುತ್ತವೆ. ಭಾರವಾದ ಅಂಶಗಳು ಬಿಸಿ ಕಾಣುವ ತನಕ ಹನಿಯಾಗಿಯೇ ಉಳಿದು ತಣ್ಣನೆಯ ಲೋಹಕ್ಕೆ ಅಂಟಿಕೊಳ್ಳುತ್ತವೆ. ಆದ್ದರಿಂದ ತಣ್ಣನೆಯ ಎಂಜಿನ್ನಿಗೆ ಸಾಮಾನ್ಯಕ್ಕಿಂತ ಹೆಚ್ಚು ಇಂಧನ, ಕಡಿಮೆ ಗಾಳಿ ಕೊಡಬೇಕು. ಹೆಚ್ಚು ಕೊಟ್ಟಾಗ ಅದರಲ್ಲಿನ ಹಗುರ ಅಂಶವಾದರೂ ಕಿಡಿಗೆ ಸಾಕಾಗುತ್ತದೆ. ಗಾಳಿಯ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚಿ ಈ ಕೆಲಸ ಮಾಡುವ ಸಣ್ಣ ಮುಚ್ಚಳವೇ ಚೋಕ್.

ವಿಜಯಪುರ ಸೀಮೆಯ ವಾಚಕರಿಗೆ ಇದು ದೂರದ ಮಾತೆನಿಸಬಾರದು. ಅಲ್ಲಿನ ರೈತ ತಲೆಮಾರುಗಳಿಂದ ಬಾವಿಯ ದಂಡೆಯ ಮೇಲೆ ಡೀಸೆಲ್ ಎಂಜಿನ್ನನ್ನು ಹ್ಯಾಂಡಲ್ ತಿರುಗಿಸಿ ಹೊರಡಿಸಿದವನು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ ಕಿರ್ಲೋಸ್ಕರ್ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿಯನ್ನು ಸ್ಥಾಪಿಸಿದ ಮೇಲೆ ಆ ಹೆಸರು ಉತ್ತರ ಕರ್ನಾಟಕದ ಹೊಲಹೊಲಕ್ಕೂ ತಲುಪಿತು. ಡೀಸೆಲ್ ಎಂಜಿನ್ನಿಗೆ ಕಾರ್ಬುರೇಟರೂ ಇಲ್ಲ, ಕಿಡಿಯೂ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಆ ಎಂಜಿನ್ನಿನ ಅನುಭವವನ್ನು ದೋಣಿಯ ಎಂಜಿನ್ನಿಗೆ ನೇರವಾಗಿ ಅನ್ವಯಿಸಲಾಗದು. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪೆಟ್ರೋಲ್ ಪಂಪು ಇದೆಯಲ್ಲ, ಅದು ದೋಣಿಯ ಎಂಜಿನ್ನಿನ ನಿಜವಾದ ದಾಯಾದಿ. ಅಲ್ಲಿಯೂ ಚೋಕ್ ಇದೆ, ಎಳೆಯುವ ಹಗ್ಗವಿದೆ, ಜೆಟ್ ಇದೆ. ಡಿಸೆಂಬರ್, ಜನವರಿಯಲ್ಲಿ ವಿಜಯಪುರದ ಬೆಳಗಿನ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಅಂತಹ ಮುಂಜಾನೆ ತೋಟದಲ್ಲಿ ಆ ಪಂಪಿನ ಹಗ್ಗ ಎಳೆದು ಭುಜ ನೋಯಿಸಿಕೊಂಡವರಿಗೆ ಈ ಲೇಖನದ ಮುಂದಿನ ಭಾಗ ಸುಲಭವಾಗಿ ಅರ್ಥವಾಗುವುದು.

ಹೊರಡದ ಎಂಜಿನ್ನಿನ ಮುಂದೆ

ಮೊದಲು ಎಚ್ಚರಿಕೆಯ ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಕಣ್ಣಿಗೆ ಕಾಣದೆ ನಿಲ್ಲುತ್ತದೆ. ಇಂಧನ ಚೆಲ್ಲಿದ್ದರೆ ಒರೆಸಿ, ಗಾಳಿಯಾಡಲು ಬಿಟ್ಟು, ವಾಸನೆ ಹೋದ ಮೇಲೆಯೇ ಮುಂದುವರಿಯಬೇಕು. ಕಾರ್ಬುರೇಟರಿನ ಬಾಯಿಗೆ ನೇರವಾಗಿ ಪೆಟ್ರೋಲ್ ಸುರಿದು ಹೊರಡಿಸುವ ಅಭ್ಯಾಸ ಹಲವೆಡೆ ಇದೆ. ಬೆಂಕಿ ಹಿಂದಕ್ಕೆ ಚಿಮ್ಮಿ ಮುಖ ಸುಡುವ ಅಪಾಯವಿರುವುದರಿಂದ ಅದು ಬೇಡ. ಇನ್ನೊಂದು ಮಾತು: ಈ ಎಂಜಿನ್ನನ್ನು ತಂಪಾಗಿಡುವುದು ಅದು ಮುಳುಗಿರುವ ನೀರೇ. ನೀರಿಲ್ಲದೆ ಓಡಿಸಿದರೆ ಒಳಗಿನ ರಬ್ಬರ್ ಚಕ್ರ ಅಲ್ಪ ಸಮಯದಲ್ಲಿ ಕೆಟ್ಟು, ಎಂಜಿನ್ ಕಾದು ಹಾಳಾಗುವುದು. ದಡದಲ್ಲಿ ಪರೀಕ್ಷಿಸುವುದಾದರೆ ಅದರ ಕೆಳಭಾಗವನ್ನು ನೀರು ತುಂಬಿದ ಪೀಪಾಯಿಯಲ್ಲಿ ಇಳಿಸಬೇಕು.

ಬಳಿಕ ಸರಳವಾದ ಸಂಗತಿಗಳನ್ನು ಒಂದೊಂದಾಗಿ ನೋಡಬೇಕು. ಇಂಧನದ ಡಬ್ಬಿಯ ಮುಚ್ಚಳದಲ್ಲಿರುವ ಗಾಳಿಯ ತಿರುಪು ತೆರೆದಿದೆಯೇ? ಅದು ಮುಚ್ಚಿದ್ದರೆ ಡಬ್ಬಿ ತುಂಬಿದ್ದರೂ ಇಂಧನ ಹರಿಯದು. ಗೇರ್ ತಟಸ್ಥವಾಗಿದೆಯೇ? ಎಂಜಿನ್ ನಿಲ್ಲಿಸುವ ಸುರಕ್ಷಾ ದಾರದ ಕೊಂಡಿ ತನ್ನ ಸ್ಥಾನದಲ್ಲಿದೆಯೇ? ಅದು ಕಳಚಿದ್ದರೆ ಸಾವಿರ ಸಲ ಎಳೆದರೂ ಕಿಡಿ ಬಾರದು. ಇಂಧನದ ಕೊಳವೆಯ ನಡುವಿನ ರಬ್ಬರ್ ಬಲ್ಬನ್ನು ಗಟ್ಟಿಯಾಗುವವರೆಗೆ ಹಿಚುಕಬೇಕು. ಅದು ಗಟ್ಟಿಯಾದರೆ ಕಾರ್ಬುರೇಟರಿನ ಬಟ್ಟಲು ತುಂಬಿದೆಯೆಂದು ಅರ್ಥ.

ಆಮೇಲೆ ಚೋಕ್ ಪೂರ್ತಿಯಾಗಿ ಎಳೆದು, ಹಿಡಿಕೆಯನ್ನು ಹೊರಡುವ ಗುರುತಿಗೆ ತಿರುಗಿಸಿ, ಹಗ್ಗವನ್ನು ನಿಧಾನವಾಗಿ ಬಿಗಿ ಸಿಗುವವರೆಗೆ ತಂದು, ಅಲ್ಲಿಂದ ಒಂದೇ ಉಸಿರಿನಲ್ಲಿ ರಭಸವಾಗಿ ಎಳೆಯಬೇಕು. ಮ್ಯಾಗ್ನೆಟೊ ಕೊಡುವ ಕಿಡಿಯ ಬಲ ಚಕ್ರದ ವೇಗವನ್ನು ಅವಲಂಬಿಸಿದೆ. ಅರೆಮನಸ್ಸಿನ ಎಳೆತಕ್ಕೆ ಅರೆಬರೆ ಕಿಡಿಯೇ ದೊರೆಯುವುದು. ಎರಡು ಮೂರು ಎಳೆತದಲ್ಲಿ ಎಂಜಿನ್ ಒಮ್ಮೆ ಕೆಮ್ಮಿದರೆ ಚೋಕನ್ನು ಅರ್ಧ ಒಳಗೆ ತಳ್ಳಿ ಮತ್ತೆ ಎಳೆಯಬೇಕು. ಹೊರಟ ಮೇಲೆ ಬಿಸಿಯಾದಂತೆಲ್ಲ ಚೋಕನ್ನು ಪೂರ್ತಿ ಮುಚ್ಚಬೇಕು. ಹೊರಡಿಸಿದ ಚೋಕೇ ಬಳಿಕವೂ ತೆರೆದಿದ್ದರೆ ಎಂಜಿನ್ನಿಗೆ ಉಸಿರುಕಟ್ಟುವುದು.

ಐದಾರು ಎಳೆತವಾದರೂ ಹೊರಡದಿದ್ದರೆ ಎಳೆಯುವುದನ್ನು ನಿಲ್ಲಿಸಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿರಿ. ಅದು ಕೊಡುವ ಸಾಕ್ಷ್ಯ ಸ್ಪಷ್ಟವಾಗಿರುತ್ತದೆ. ಪ್ಲಗ್ ಪೆಟ್ರೋಲಿನಿಂದ ತೊಯ್ದಿದ್ದರೆ ಇಂಧನ ಅತಿಯಾಗಿದೆ ಅಥವಾ ಕಿಡಿ ಬಾರದಾಗಿದೆ. ಪ್ಲಗ್ಗನ್ನು ಒರೆಸಿ ಒಣಗಿಸಿ ಮರಳಿ ಕೂಡಿಸಿ, ಚೋಕ್ ಮುಚ್ಚಿ, ಹಿಡಿಕೆಯನ್ನು ಪೂರ್ತಿ ತೆರೆದು ಕೆಲವು ಸಲ ಎಳೆದರೆ ಹೆಚ್ಚಾದ ಇಂಧನ ಹೊರಹೋಗುವುದು. ಎಂಜಿನ್ ಹೊರಟೊಡನೆ ಹಿಡಿಕೆಯನ್ನು ಇಳಿಸಬೇಕು. ಇಷ್ಟಾದರೂ ಮತ್ತೆ ತೊಯ್ದೇ ಬಂದರೆ ಹೊಸ ಪ್ಲಗ್ ಹಾಕಿ ನೋಡುವುದು ಸುಲಭವಾದ ಪರೀಕ್ಷೆ. ಪ್ಲಗ್ ಒಣಗಿದ್ದರೆ ಇಂಧನ ಒಳಗೆ ತಲುಪಿಲ್ಲ. ಆಗ ಡಬ್ಬಿಯಿಂದ ಜೆಟ್ಟಿನವರೆಗೆ ದಾರಿಯನ್ನು ಹುಡುಕುತ್ತಾ ಬರಬೇಕು: ಮುಚ್ಚಳದ ತಿರುಪು, ಕೊಳವೆಯ ಜೋಡಣೆ, ಸೋಸುಕ, ಬಟ್ಟಲಿನ ತಳದ ಕೆಸರು, ಕೊನೆಗೆ ಜೆಟ್. ಬಹಳ ಸಲ ದಾರಿ ಜೆಟ್ಟಿನ ಬಳಿಯೇ ಕಟ್ಟಿಕೊಂಡಿರುತ್ತದೆ.

ನಿಂತ ತಿಂಗಳುಗಳ ಲೆಕ್ಕ

ಜೆಟ್ ಕಟ್ಟಿಕೊಳ್ಳುವುದು ಏಕೆ? ಇಲ್ಲಿಯೇ ನಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. ಎಂಜಿನ್ ನಿಂತಿದ್ದಾಗ ಕಾರ್ಬುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಸುಮ್ಮನಿರುವುದಿಲ್ಲ. ತಣ್ಣನೆಯ ಬೆಳಗಿನಲ್ಲಿ ಯಾವ ಹಗುರ ಅಂಶ ನಮಗೆ ಅತ್ಯಗತ್ಯವೋ ಅದೇ ಮೊದಲು ಆವಿಯಾಗಿ ಹಾರಿಹೋಗುತ್ತದೆ. ಉಳಿದದ್ದು ಗಾಳಿಯ ಸಂಪರ್ಕದಿಂದ ಅಂಟಾಗಿ, ಕೂದಲಿನಂತಹ ರಂಧ್ರವನ್ನು ಮುಚ್ಚುತ್ತದೆ. ಬಿಸಿಲು ಸುಡುವ ಸೀಮೆಯಲ್ಲಿ ಇದು ಇನ್ನೂ ಬೇಗ ಆಗುವುದು.

ಈಗ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. 2025ರ ಹೊತ್ತಿಗೆ ಶೇಕಡಾ 20ರ ಮಿಶ್ರಣ ಬಳಕೆಗೆ ಬಂದಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಕೂಡಿ ಡಬ್ಬಿಯ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಮೊದಲು ತಲುಪುವುದು ಆ ತಳದ ದ್ರವವೇ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕಾದ್ದರಿಂದ ತಣ್ಣನೆಯ ಆರಂಭಕ್ಕೂ ಅದು ಅಡ್ಡಿಯೇ. ಹಳೆಯ ಎಂಜಿನ್ನಿನ ರಬ್ಬರ್ ಕೊಳವೆಗಳು ಇದರಿಂದ ಸವೆಯುವುದೂ ಉಂಟು.

ಆದ್ದರಿಂದ ಎಂಜಿನ್ನನ್ನು ಎತ್ತಿಡುವಾಗ ಇಂಧನದ ಕೊಳವೆಯನ್ನು ಕಳಚಿ, ನೀರಿನ ಪೀಪಾಯಿಯಲ್ಲಿಯೇ, ತಾನಾಗಿ ನಿಲ್ಲುವವರೆಗೆ ಓಡಿಸಿ ಬಟ್ಟಲನ್ನು ಬರಿದು ಮಾಡಬೇಕು. ಬಟ್ಟಲಿನ ತಳದ ತಿರುಪು ಬಿಚ್ಚಿ ಉಳಿದ ಹನಿಗಳನ್ನೂ ಇಳಿಸಬೇಕು. ಡಬ್ಬಿಯ ಹಳೆಯ ಪೆಟ್ರೋಲನ್ನು ಇಟ್ಟುಕೊಳ್ಳಬಾರದು. ಎರಡು ಹೊಡೆತದ ಎಂಜಿನ್ನಾದರೆ ತಯಾರಕರು ಹೇಳಿದ ಪ್ರಮಾಣದಲ್ಲಿ ಎಣ್ಣೆ ಬೆರೆಸಿದ ತಾಜಾ ಇಂಧನವನ್ನೇ ತುಂಬಬೇಕು. ಅಂದಾಜಿನ ಲೆಕ್ಕ ಬೇಡ. ಒಂದು ಹೊಸ ಪ್ಲಗ್ಗೂ ಅದನ್ನು ಬಿಚ್ಚುವ ಪಾನವೂ ದೋಣಿಯ ಚೀಲದಲ್ಲಿರಬೇಕು. ಎಲ್ಲಕ್ಕೂ ಮಿಗಿಲಾಗಿ, ತಿಂಗಳಿಗೊಮ್ಮೆ ಪೀಪಾಯಿಯಲ್ಲಿ ಇಳಿಸಿ ಹತ್ತು ನಿಮಿಷ ಓಡಿಸಿ, ಪುನಃ ಬಟ್ಟಲನ್ನು ಬರಿದು ಮಾಡಿ, ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಬೇಕು.

ಈ ಕೆಲಸಗಳಲ್ಲಿ ಯಾವುದೂ ಕಷ್ಟದ್ದಲ್ಲ, ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಆದರೆ ಇವೆಲ್ಲವನ್ನೂ ಮಾಡಬೇಕಾದದ್ದು ಹೊಳೆ ಒಣಗಿರುವ ಕಾಲದಲ್ಲಿ. ಪ್ರವಾಹದ ಬೆಳಗಿನಲ್ಲಿ ಹಗ್ಗ ಎಳೆಯುವವನ ತೋಳಿನಲ್ಲಿ ಎಷ್ಟೇ ಬಲವಿದ್ದರೂ ಮಾರ್ಚ್, ಏಪ್ರಿಲ್ ತಿಂಗಳ ಅಲಕ್ಷ್ಯವನ್ನು ಅವನು ಆ ಗಳಿಗೆಯಲ್ಲಿ ತುಂಬಿಕೊಡಲಾರನು.

ಹತ್ತು ಕನ್ಯೆಯರ ಎಣ್ಣೆ

ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಹತ್ತು ಕನ್ಯೆಯರ ಸಾಮತಿ ನಿಮಗೆ ನೆನಪಾಗಿರಬಹುದು. ಹತ್ತು ಮಂದಿಯ ಕೈಯಲ್ಲಿಯೂ ದೀಪವಿತ್ತು, ಹತ್ತು ಮಂದಿಯೂ ಮದುಮಗನ ಆಗಮನವನ್ನು ಬಯಸಿದ್ದರು, ಹತ್ತು ಮಂದಿಯೂ ತೂಕಡಿಸಿದರು. ವ್ಯತ್ಯಾಸವಿದ್ದದ್ದು ಹಗಲಿನಲ್ಲಿ ಮಾಡಿಕೊಂಡ ಸಿದ್ಧತೆಯಲ್ಲಿ. ಜಾಣೆಯರು ಎಣ್ಣೆ ಹಂಚಿಕೊಳ್ಳದೆ ಹೋದದ್ದು ಸ್ವಾರ್ಥವಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಸಿದ್ಧತೆ ಎಂಬುದು ನಡುರಾತ್ರಿಯಲ್ಲಿ ಎರವಲಾಗಿ ಸಿಗುವ ವಸ್ತುವಲ್ಲ. ಪ್ರವಾಹದ ದಿನ ಪಕ್ಕದ ಊರಿನಿಂದ ಪೆಟ್ರೋಲ್ ತರಬಹುದು. ಒಣಗಿದ ಎಂಟು ತಿಂಗಳು ಎಂಜಿನ್ನಿಗೆ ತೋರಬೇಕಿದ್ದ ಆರೈಕೆಯನ್ನು ಯಾರಿಂದಲೂ ತರಲಾಗದು.

ನಮ್ಮ ಧರ್ಮಕೇಂದ್ರಗಳಲ್ಲಿ, ನಮ್ಮ ಮನೆಗಳಲ್ಲಿ, ದೀರ್ಘಕಾಲ ತಣ್ಣಗೆ ಕುಳಿತ ಮನಸ್ಸುಗಳೂ ಇವೆ. ದೇವಾಲಯಕ್ಕೆ ಬರುವುದನ್ನು ಬಿಟ್ಟ ಮಗ, ಅಣ್ಣನೊಡನೆ ಮಾತು ನಿಲ್ಲಿಸಿದ ತಮ್ಮ, ಪ್ರಾರ್ಥನೆಯನ್ನು ಮರೆತ ವೃದ್ಧ. ಅವರ ಮುಂದೆ ನಿಂತಾಗ ನಮಗೆ ತೋಚುವುದು ಹಗ್ಗವನ್ನು ಮತ್ತೆ ಮತ್ತೆ ಎಳೆಯುವುದೊಂದೇ: ಬುದ್ಧಿವಾದದ ಮೇಲೆ ಬುದ್ಧಿವಾದ, ಆಕ್ಷೇಪಣೆಯ ಮೇಲೆ ಆಕ್ಷೇಪಣೆ. ತೊಯ್ದ ಪ್ಲಗ್ಗಿನ ಮೇಲೆ ಇನ್ನಷ್ಟು ಪೆಟ್ರೋಲ್ ಸುರಿದಂತೆ ಅದು ಕಿಡಿಯನ್ನು ಮತ್ತಷ್ಟು ಆರಿಸುವುದು. ಕೆಲವರಿಗೆ ಮೊದಲು ಸ್ವಲ್ಪ ಗಾಳಿ, ಸ್ವಲ್ಪ ಕಾಲ ಬೇಕು. ಇನ್ನು ಕೆಲವರು ನಿಜವಾಗಿಯೂ ಒಣಗಿದ್ದಾರೆ. ಅವರಿಗೆ ಪ್ರೀತಿ ತಲುಪುವ ದಾರಿಯಲ್ಲಿ ಎಲ್ಲೋ ಸಣ್ಣ ಕಸ ಸಿಕ್ಕಿಕೊಂಡಿದೆ. ಯಾರು ತೊಯ್ದವರು, ಯಾರು ಒಣಗಿದವರು ಎಂದು ತಿಳಿಯದೆ ಮಾಡುವ ಉಪಕಾರ ಹೆಚ್ಚಾಗಿ ವ್ಯರ್ಥವಾಗುತ್ತದೆ. ಇದನ್ನು ನಾನು ಗುರುಗಳಿಗೂ ಅನ್ವಯಿಸಿಯೇ ಹೇಳುತ್ತಿದ್ದೇನೆ.

ಬಾರ್ಸಾಂತಿಯವರು ತಮ್ಮ ಎಂಜಿನ್ ಲೋಕವನ್ನು ಬದಲಾಯಿಸಿದ್ದನ್ನು ಕಾಣಲಿಲ್ಲ. ತರಗತಿಯ ಮಕ್ಕಳ ಮುಂದೆ ಒಂದು ಕಿಡಿಯನ್ನು ಹಾರಿಸಿ, ಅದರ ಅರ್ಥವನ್ನು ಶ್ರದ್ಧೆಯಿಂದ ಹುಡುಕಿ, ಬರೆದಿಟ್ಟು ಹೋದರು. ಅವರಿಗೆ ಅಪರಿಚಿತವಾದ ಎರೆನಾಡಿನಲ್ಲಿ, ಅವರು ಹೆಸರನ್ನೂ ಕೇಳದ ಹೊಳೆಯ ಪ್ರವಾಹದಲ್ಲಿ, ಮಾಳಿಗೆಯ ಮೇಲಿನ ತಾಯಿ ಮತ್ತು ಮಗುವಿನ ಬಳಿಗೆ ದೋಣಿಯೊಂದು ಸಾಗುವಾಗ ಅವರ ಶ್ರಮದ ಪಾಲೂ ಅದರಲ್ಲಿರುತ್ತದೆ.

ಪ್ರಿಯ ವಾಚಕರೇ, ನಿಮ್ಮ ಊರಿನಲ್ಲಿ ಪಂಚಾಯಿತಿಯದೋ, ಸಂಘದ್ದೋ, ದೇವಾಲಯದ್ದೋ ಒಂದು ದೋಣಿಯ ಎಂಜಿನ್ ಅಥವಾ ನೀರೆತ್ತುವ ಪೆಟ್ರೋಲ್ ಪಂಪು ಮೂಲೆಯಲ್ಲಿ ಮುಚ್ಚಿಟ್ಟಿದ್ದರೆ ಈ ಭಾನುವಾರ ಬಲಿಪೂಜೆಯ ನಂತರ ಯುವಕರನ್ನು ಕರೆದು ಅದರ ಹೊದಿಕೆ ತೆಗೆಸಿರಿ. ಹಳೆಯ ಇಂಧನವನ್ನು ಇಳಿಸಿ, ಪ್ಲಗ್ ಒರೆಸಿ, ಪೀಪಾಯಿಗೆ ನೀರು ತುಂಬಿ, ಒಮ್ಮೆ ಹೊರಡಿಸಿ ನೋಡಿರಿ. ಮುಂದಿನ ತಿಂಗಳು ಅದೇ ಭಾನುವಾರ ಮತ್ತೊಮ್ಮೆ ನೋಡಿರಿ. ಮಳೆ ಯಾವ ರಾತ್ರಿ ಬರುವುದೆಂದು ನಮಗೆ ತಿಳಿಯದು. ಬಂದ ರಾತ್ರಿ ನಮ್ಮ ದೀಪದಲ್ಲಿ ಎಣ್ಣೆಯಿರಲಿ.